ಆಮ್ಲಜನಕ ಸಂವೇದಕ ಮತ್ತು ಎಂಜಿನ್ ಇಂಧನ ಹೊಂದಾಣಿಕೆ

ಆಮ್ಲಜನಕ ಸಂವೇದಕವು ಮೋಟಾರು ವಾಹನದ ಹೊಗೆಕೊಳವೆಯಲ್ಲಿ ಅಳವಡಿಸಲಾಗುವ ಒಂದು ಉಪಕರಣ. ಎಂಜಿನ್ನಿನಿಂದ ಹೊರಬರುವ ನಿಷ್ಕಾಸ ಅನಿಲದಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ಇದು ವಿದ್ಯುತ್ ಸಂಕೇತವಾಗಿ ಪರಿವರ್ತಿಸಿ ವಾಹನದ ಗಣಕಕ್ಕೆ ತಿಳಿಸುತ್ತದೆ. ಗ್ಯಾರೇಜುಗಳಲ್ಲಿ ಇದನ್ನು ಆಕ್ಸಿಜನ್ ಸೆನ್ಸರ್, ಓ2 ಸೆನ್ಸರ್ ಅಥವಾ ಲ್ಯಾಂಬ್ಡಾ ಸೆನ್ಸರ್ ಎಂದು ಕರೆಯುವುದು ರೂಢಿ. ಈ ಸಂಕೇತವನ್ನು ಆಧರಿಸಿ ಎಂಜಿನ್ ನಿಯಂತ್ರಣ ಗಣಕವು, ಅಂದರೆ ಇಸಿಯು, ಪ್ರತಿ ಕ್ಷಣವೂ ಇಂಧನದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡುತ್ತದೆ.

ವಾಹನ ತಯಾರಕರು ನಿಗದಿಪಡಿಸಿದ ಇಂಧನದ ಲೆಕ್ಕವನ್ನು ಅನಂತರ ಬೇರೆಯವರು ಬದಲಾಯಿಸುವುದಕ್ಕೆ ಇಂಧನ ಹೊಂದಾಣಿಕೆ ಅಥವಾ ಟ್ಯೂನಿಂಗ್ ಎಂದು ಹೆಸರು. ಹೆಚ್ಚಿನ ಶಕ್ತಿ, ಹೆಚ್ಚಿನ ಮೈಲೇಜು ಅಥವಾ ಬೇರೆ ಇಂಧನದ ಬಳಕೆ ಇದರ ಸಾಮಾನ್ಯ ಉದ್ದೇಶಗಳು. ಇಂತಹ ಹೊಂದಾಣಿಕೆಯ ಯಶಸ್ಸು ಮತ್ತು ವೈಫಲ್ಯಗಳೆರಡೂ ಬಹುಮಟ್ಟಿಗೆ ಆಮ್ಲಜನಕ ಸಂವೇದಕದ ಸಂಕೇತವನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದನ್ನು ಅವಲಂಬಿಸಿವೆ. ಭಾರತದಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬಂದ ಮೇಲೆ ಈ ವಿಷಯವು ಸಾಮಾನ್ಯ ವಾಹನ ಮಾಲೀಕರಿಗೂ ಸಂಬಂಧಿಸಿದ್ದಾಗಿದೆ.

ಗಾಳಿ ಮತ್ತು ಇಂಧನದ ಅನುಪಾತ

ಇಂಧನವು ಪೂರ್ಣವಾಗಿ ಉರಿಯಲು ನಿರ್ದಿಷ್ಟ ಪ್ರಮಾಣದ ಗಾಳಿ ಬೇಕು. ಶುದ್ಧ ಪೆಟ್ರೋಲಿಗೆ ಈ ಅನುಪಾತವು ತೂಕದ ಲೆಕ್ಕದಲ್ಲಿ ಸುಮಾರು 14.7 : 1. ಎಂದರೆ ಒಂದು ಕಿಲೋಗ್ರಾಂ ಪೆಟ್ರೋಲ್ ಉರಿಯಲು 14.7 ಕಿಲೋಗ್ರಾಂ ಗಾಳಿ ಅಗತ್ಯ. ಬೇರೆ ಬೇರೆ ಇಂಧನಗಳಿಗೆ ಈ ಅನುಪಾತ ಬೇರೆಯಾಗಿರುತ್ತದೆ. ಅಂದಾಜು ಮೌಲ್ಯಗಳು ಹೀಗಿವೆ:

ಸಂಕುಚಿತ ನೈಸರ್ಗಿಕ ಅನಿಲ (ಸಿಎನ್‌ಜಿ) – 17.2
ದ್ರವೀಕೃತ ಪೆಟ್ರೋಲಿಯಂ ಅನಿಲ (ಎಲ್‌ಪಿಜಿ) – 15.6
ಶುದ್ಧ ಪೆಟ್ರೋಲ್ – 14.7
ಶೇ. 10 ಎಥನಾಲ್ ಬೆರೆತ ಪೆಟ್ರೋಲ್ – 14.1
ಶೇ. 20 ಎಥನಾಲ್ ಬೆರೆತ ಪೆಟ್ರೋಲ್ – 13.5
ಶುದ್ಧ ಎಥನಾಲ್ – 9.0

ಎಂಜಿನ್ನಿಗೆ ವಾಸ್ತವವಾಗಿ ದೊರೆತ ಅನುಪಾತವನ್ನು ಆ ಇಂಧನದ ಆದರ್ಶ ಅನುಪಾತದಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಗ್ರೀಕ್ ಅಕ್ಷರವಾದ ಲ್ಯಾಂಬ್ಡಾದಿಂದ ಸೂಚಿಸುತ್ತಾರೆ. ಲ್ಯಾಂಬ್ಡಾ 1 ಆಗಿದ್ದರೆ ಮಿಶ್ರಣವು ಸಮತೋಲದಲ್ಲಿದೆ. 1ಕ್ಕಿಂತ ಹೆಚ್ಚಾದರೆ ಗಾಳಿ ಹೆಚ್ಚಿರುವ ತೆಳು ಮಿಶ್ರಣ, 1ಕ್ಕಿಂತ ಕಡಿಮೆಯಾದರೆ ಇಂಧನ ಹೆಚ್ಚಿರುವ ದಟ್ಟ ಮಿಶ್ರಣ. ಮೆಕ್ಯಾನಿಕರು ಇವನ್ನು ಕ್ರಮವಾಗಿ ಲೀನ್ ಮತ್ತು ರಿಚ್ ಎನ್ನುತ್ತಾರೆ. ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ ಲ್ಯಾಂಬ್ಡಾ 0.85ರಿಂದ 0.90ರ ನಡುವೆ ಗರಿಷ್ಠ ಶಕ್ತಿಯನ್ನೂ, 1.05ರ ಆಸುಪಾಸಿನಲ್ಲಿ ಉತ್ತಮ ಮಿತವ್ಯಯವನ್ನೂ ತೋರುತ್ತದೆ. ಆದರೆ ಹೊಗೆಯನ್ನು ಶುದ್ಧೀಕರಿಸುವ ವೇಗವರ್ಧಕ ಪರಿವರ್ತಕವು ಚೆನ್ನಾಗಿ ಕೆಲಸ ಮಾಡುವುದು ಲ್ಯಾಂಬ್ಡಾ 1ರ ಅತಿ ಕಿರಿದಾದ ವ್ಯಾಪ್ತಿಯಲ್ಲಿ ಮಾತ್ರ. ಶಕ್ತಿ, ಮಿತವ್ಯಯ, ಶುದ್ಧತೆ ಎಂಬ ಈ ಮೂರೂ ಗುರಿಗಳು ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ. ಇಂಧನ ಹೊಂದಾಣಿಕೆಯ ಕುರಿತ ಎಲ್ಲ ವಾದವಿವಾದಗಳ ಮೂಲ ಇಲ್ಲಿದೆ.

ಇತಿಹಾಸ

ಕಾರ್ಬ್ಯುರೇಟರ್ ಕಾಲದಲ್ಲಿ ಮಿಶ್ರಣವನ್ನು ಹೊಂದಿಸುವುದು ಕಿವಿ ಮತ್ತು ಕಣ್ಣುಗಳ ಕೆಲಸವಾಗಿತ್ತು. ಮೆಕ್ಯಾನಿಕನು ಎಂಜಿನ್ನಿನ ಸದ್ದನ್ನು ಆಲಿಸುತ್ತ ತಿರುಪನ್ನು ತಿರುಗಿಸುತ್ತಿದ್ದನು. ಸ್ಪಾರ್ಕ್ ಪ್ಲಗ್ಗಿನ ತುದಿ ಮಸಿ ಹಿಡಿದಿದ್ದರೆ ದಟ್ಟ, ಬೆಳ್ಳಗಾಗಿದ್ದರೆ ತೆಳು, ತಿಳಿ ಕಂದು ಬಣ್ಣದಲ್ಲಿದ್ದರೆ ಸರಿ ಎಂದು ನಿರ್ಣಯಿಸುತ್ತಿದ್ದನು. ಒಮ್ಮೆ ಹೊಂದಿಸಿದ ತಿರುಪು ಹವಾಮಾನ ಬದಲಾದರೂ ಎತ್ತರ ಬದಲಾದರೂ ಹಾಗೆಯೇ ಉಳಿಯುತ್ತಿತ್ತು. ಸಮುದ್ರ ಮಟ್ಟದ ಮಂಗಳೂರಿನಲ್ಲಿ ಹೊಂದಿಸಿದ ಕಾರು ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದಾಗ ಅಲ್ಲಿನ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಡಿಮೆಯಿರುವ ಕಾರಣ ಮಿಶ್ರಣವು ತಾನಾಗಿಯೇ ದಟ್ಟವಾಗುತ್ತಿತ್ತು.

ಸಂವೇದಕದ ವೈಜ್ಞಾನಿಕ ತಳಹದಿಯನ್ನು ಜರ್ಮನಿಯ ರಸಾಯನ ವಿಜ್ಞಾನಿ ವಾಲ್ಟರ್ ನರ್ನ್‌ಸ್ಟ್ ಹಾಕಿದರು. ಎರಡು ಕಡೆ ಬೇರೆ ಬೇರೆ ಸಾಂದ್ರತೆಯಿದ್ದಾಗ ಉಂಟಾಗುವ ವಿದ್ಯುತ್ ವಿಭವಾಂತರವನ್ನು ಲೆಕ್ಕಹಾಕುವ ಅವರ ಸಮೀಕರಣವು 1889ರಲ್ಲಿ ಪ್ರಕಟವಾಯಿತು. ಕಾದ ಜಿರ್ಕೋನಿಯಾ ಪಿಂಗಾಣಿಯು ವಿದ್ಯುತ್ತನ್ನು ಹಾಯಿಸುತ್ತದೆ ಎಂಬ ಗುಣವನ್ನು ಬಳಸಿ ಅವರು ಒಂದು ಬಗೆಯ ದೀಪವನ್ನೂ ತಯಾರಿಸಿದ್ದರು. ಇದೇ ಪಿಂಗಾಣಿಯಿಂದ ಜರ್ಮನಿಯ ಬಾಷ್ ಸಂಸ್ಥೆಯು ವಾಹನಗಳಿಗೆ ತಕ್ಕ ಸಂವೇದಕವನ್ನು ಅಭಿವೃದ್ಧಿಪಡಿಸಿ 1976ರಲ್ಲಿ ಉತ್ಪಾದನೆ ಆರಂಭಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದ ಕಟ್ಟುನಿಟ್ಟಿನ ಹೊಗೆ ನಿಯಮಗಳನ್ನು ಪಾಲಿಸಲು ಸ್ವೀಡನ್ನಿನ ವೋಲ್ವೊ ಕಂಪನಿ ಅದನ್ನು ತನ್ನ 240 ಸರಣಿಯ ಕಾರುಗಳಲ್ಲಿ ಮೊದಲಿಗೆ ಬಳಸಿತು.

ಸೀಸವು ಸಂವೇದಕವನ್ನೂ ಪರಿವರ್ತಕವನ್ನೂ ಕೆಡಿಸುವುದರಿಂದ ಸೀಸರಹಿತ ಪೆಟ್ರೋಲ್ ಇಲ್ಲದೆ ಈ ವ್ಯವಸ್ಥೆ ಸಾಧ್ಯವಿರಲಿಲ್ಲ. ಭಾರತದ ನಾಲ್ಕು ಮಹಾನಗರಗಳಲ್ಲಿ 1995ರಲ್ಲಿ ಸೀಸರಹಿತ ಪೆಟ್ರೋಲ್ ಬಂದು, 2000ದ ವೇಳೆಗೆ ದೇಶದಾದ್ಯಂತ ಹಬ್ಬಿತು. ಅದೇ ಅವಧಿಯಲ್ಲಿ ಕಾರುಗಳಲ್ಲಿ ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಟರುಗಳು ಬಂದವು. ಭಾರತ್ ಸ್ಟೇಜ್ 4 ನಿಯಮಗಳು 2010ರಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ, 2017ರಲ್ಲಿ ದೇಶದ ಎಲ್ಲೆಡೆ ಜಾರಿಯಾದವು. 2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮಗಳ ಫಲವಾಗಿ ಬಹುಪಾಲು ಹೊಸ ದ್ವಿಚಕ್ರ ವಾಹನಗಳಿಗೂ ಇಂಜೆಕ್ಟರ್ ಮತ್ತು ಆಮ್ಲಜನಕ ಸಂವೇದಕ ಬಂದವು.

ರಚನೆ ಮತ್ತು ಕಾರ್ಯವಿಧಾನ

ಕಿರುವ್ಯಾಪ್ತಿಯ ಸಂವೇದಕ

ಹೆಚ್ಚು ಬಳಕೆಯಲ್ಲಿರುವ ಈ ಬಗೆಯ ಸಂವೇದಕದಲ್ಲಿ ಬೆರಳಿನ ತುದಿಯಾಕಾರದ ಜಿರ್ಕೋನಿಯಾ ಪಿಂಗಾಣಿಯ ಒಳಮೈ ಮತ್ತು ಹೊರಮೈಗಳಿಗೆ ಪ್ಲಾಟಿನಂ ಲೇಪನವಿರುತ್ತದೆ. ಹೊರಮೈ ನಿಷ್ಕಾಸ ಅನಿಲಕ್ಕೂ ಒಳಮೈ ಹೊರಗಿನ ಗಾಳಿಗೂ ತೆರೆದಿರುತ್ತದೆ. ಹೊರಗಿನ ಗಾಳಿಯಲ್ಲಿ ಸುಮಾರು ಶೇ. 21ರಷ್ಟು ಆಮ್ಲಜನಕ ಇದ್ದೇ ಇರುತ್ತದೆ. ಪಿಂಗಾಣಿಯು 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಾಗ ಆಮ್ಲಜನಕದ ಅಯಾನುಗಳು ಅದರ ಮೂಲಕ ಚಲಿಸಬಲ್ಲವು. ಎರಡೂ ಬದಿಗಳ ಆಮ್ಲಜನಕದ ವ್ಯತ್ಯಾಸ ಹೆಚ್ಚಿದಷ್ಟೂ ಉಂಟಾಗುವ ವೋಲ್ಟೇಜು ಹೆಚ್ಚುತ್ತದೆ.

ಮಿಶ್ರಣವು ದಟ್ಟವಾಗಿದ್ದರೆ ಹೊಗೆಯಲ್ಲಿ ಆಮ್ಲಜನಕ ಬಹುತೇಕ ಉಳಿಯದ ಕಾರಣ ಸಂಕೇತವು 0.8ರಿಂದ 0.9 ವೋಲ್ಟಿನವರೆಗೆ ಏರುತ್ತದೆ. ತೆಳುವಾಗಿದ್ದರೆ 0.1 ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಲ್ಯಾಂಬ್ಡಾ 1ನ್ನು ದಾಟುವ ಕ್ಷಣದಲ್ಲಿ ಈ ಬದಲಾವಣೆ ಒಮ್ಮೆಲೇ ಆಗುತ್ತದೆ. ಸಾಮಾನ್ಯವಾಗಿ 0.45 ವೋಲ್ಟನ್ನು ಗಡಿರೇಖೆಯೆಂದು ಪರಿಗಣಿಸಲಾಗುತ್ತದೆ. ಆದುದರಿಂದ ಈ ಸಂವೇದಕವು ತಕ್ಕಡಿಯ ಮುಳ್ಳಿನಂತೆ ಯಾವ ಕಡೆಗೆ ವಾಲಿದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ವಾಲಿದೆ ಎಂಬುದನ್ನು ನಂಬಲರ್ಹವಾಗಿ ಹೇಳುವುದಿಲ್ಲ. 0.85 ವೋಲ್ಟ್ ಕಂಡಾಕ್ಷಣ ಲ್ಯಾಂಬ್ಡಾ ಇಂತಿಷ್ಟೇ ಎನ್ನಲಾಗದು. ಸಂವೇದಕದ ಉಷ್ಣತೆ ಬದಲಾದರೆ ಅದೇ ಮಿಶ್ರಣಕ್ಕೆ ಬೇರೆ ವೋಲ್ಟೇಜು ಬರುತ್ತದೆ.

ವಿಶಾಲವ್ಯಾಪ್ತಿಯ ಸಂವೇದಕ

ವೈಡ್‌ಬ್ಯಾಂಡ್ ಎಂದು ಕರೆಯಲಾಗುವ ಈ ಬಗೆಯಲ್ಲಿ ಎರಡು ಕೋಶಗಳಿವೆ. ಒಂದು ಮೇಲೆ ಹೇಳಿದಂತಹ ಅಳತೆಯ ಕೋಶ, ಇನ್ನೊಂದು ಆಮ್ಲಜನಕವನ್ನು ಒಳಕ್ಕೆ ಅಥವಾ ಹೊರಕ್ಕೆ ಸಾಗಿಸುವ ಪಂಪ್ ಕೋಶ. ಇವೆರಡರ ನಡುವಿನ ಪುಟ್ಟ ಕುಹರದಲ್ಲಿ ಅಳತೆಯ ಕೋಶವು ಸದಾ 0.45 ವೋಲ್ಟ್ ತೋರುವಂತೆ ಪಂಪ್ ಕೋಶಕ್ಕೆ ವಿದ್ಯುತ್ತನ್ನು ಹರಿಸಲಾಗುತ್ತದೆ. ಮಿಶ್ರಣ ತೆಳುವಾದರೆ ಆಮ್ಲಜನಕವನ್ನು ಹೊರಹಾಕಲು ಒಂದು ದಿಕ್ಕಿನಲ್ಲಿ, ದಟ್ಟವಾದರೆ ಒಳತರಲು ವಿರುದ್ಧ ದಿಕ್ಕಿನಲ್ಲಿ ವಿದ್ಯುತ್ ಹರಿಯುತ್ತದೆ. ಹಾಗೆ ಹರಿದ ವಿದ್ಯುತ್ತಿನ ಪ್ರಮಾಣವೇ ಲ್ಯಾಂಬ್ಡಾದ ಅಳತೆ. ಬಾಷ್‌ನ ಎಲ್‌ಎಸ್‌ಯು 4.2 ಮತ್ತು ಎಲ್‌ಎಸ್‌ಯು 4.9 ಈ ಬಗೆಯ ಪ್ರಸಿದ್ಧ ಮಾದರಿಗಳು. ಟ್ಯೂನಿಂಗ್ ಕೆಲಸಕ್ಕೆ ಬೇಕಾದ ನಿಖರ ಅಳತೆಯನ್ನು ಕೊಡಬಲ್ಲದ್ದು ಈ ಬಗೆಯ ಸಂವೇದಕ ಮಾತ್ರ.

ಸಂಕೇತದ ಬಳಕೆ

ಎಂಜಿನ್ ಬಿಸಿಯಾಗಿ, ಸಂವೇದಕವೂ ಕಾದ ಮೇಲೆ ಇಸಿಯು ಸಂವೃತ ಆವರ್ತ ಸ್ಥಿತಿಗೆ ಬರುತ್ತದೆ. ಇದನ್ನು ಕ್ಲೋಸ್ಡ್ ಲೂಪ್ ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಸಂವೇದಕ ‘ತೆಳು’ ಎಂದರೆ ಗಣಕ ಇಂಧನವನ್ನು ಕೊಂಚ ಹೆಚ್ಚಿಸುತ್ತದೆ, ‘ದಟ್ಟ’ ಎಂದರೆ ಕೊಂಚ ತಗ್ಗಿಸುತ್ತದೆ. ಹೀಗಾಗಿ ಕಿರುವ್ಯಾಪ್ತಿಯ ಸಂವೇದಕದ ಸಂಕೇತವು ಆರೋಗ್ಯವಂತ ಎಂಜಿನ್ನಿನಲ್ಲಿ ಸದಾ ಏರಿಳಿಯುತ್ತಿರುತ್ತದೆ. ಒಂದೇ ಕಡೆ ನಿಂತ ಸಂಕೇತ ದೋಷದ ಸೂಚನೆ.

ಈ ತಿದ್ದುಪಡಿಗಳನ್ನು ಗಣಕವು ಶೇಕಡಾವಾರು ಲೆಕ್ಕದಲ್ಲಿ ಎರಡು ಬಗೆಯಾಗಿ ಇಟ್ಟುಕೊಳ್ಳುತ್ತದೆ. ಅಲ್ಪಾವಧಿ ತಿದ್ದುಪಡಿಯು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅದು ಬಹಳ ಹೊತ್ತು ಒಂದೇ ದಿಕ್ಕಿಗೆ ವಾಲಿದ್ದರೆ ಗಣಕವು ಆ ವ್ಯತ್ಯಾಸವನ್ನು ದೀರ್ಘಾವಧಿ ತಿದ್ದುಪಡಿಯಾಗಿ ನೆನಪಿನಲ್ಲಿ ಉಳಿಸಿಕೊಳ್ಳುತ್ತದೆ. ಉದಾಹರಣೆಗೆ, ಮೂಲ ಲೆಕ್ಕದ ಪ್ರಕಾರ ಇಂಜೆಕ್ಟರ್ 3 ಮಿಲಿಸೆಕೆಂಡ್ ತೆರೆಯಬೇಕಿದ್ದು, ತಿದ್ದುಪಡಿ ಶೇ. +10 ಇದ್ದರೆ ಅದು 3.3 ಮಿಲಿಸೆಕೆಂಡ್ ತೆರೆಯುತ್ತದೆ. ಶೇ. 10ರೊಳಗಿನ ತಿದ್ದುಪಡಿಯನ್ನು ಸಾಮಾನ್ಯವೆಂದು ಪರಿಗಣಿಸುವುದು ವಾಡಿಕೆ. ಅದು ಶೇ. 25ರ ಸಮೀಪಕ್ಕೆ ಹೋದರೆ ಬಹುತೇಕ ವಾಹನಗಳಲ್ಲಿ ಎಚ್ಚರಿಕೆಯ ದೀಪ ಹೊತ್ತಿಕೊಂಡು, ಮಿಶ್ರಣ ತೆಳುವಾಗಿದೆ ಎಂದು ಸೂಚಿಸುವ ಪಿ0171 ಅಥವಾ ದಟ್ಟವಾಗಿದೆ ಎಂದು ಸೂಚಿಸುವ ಪಿ0172 ಸಂಕೇತಾಂಕ ದಾಖಲಾಗುತ್ತದೆ.

ಎಂಜಿನ್ ತಣ್ಣಗಿರುವಾಗ ಮತ್ತು ಚಾಲಕ ಆ್ಯಕ್ಸಿಲರೇಟರನ್ನು ಪೂರ್ಣ ಒತ್ತಿದಾಗ ಬಹುತೇಕ ಗಣಕಗಳು ಕಿರುವ್ಯಾಪ್ತಿಯ ಸಂವೇದಕದ ಮಾತನ್ನು ಕೇಳುವುದಿಲ್ಲ. ಆಗ ಮುಂಚೆಯೇ ಬರೆದಿಟ್ಟ ಕೋಷ್ಟಕವನ್ನು ಅನುಸರಿಸಿ ಇಂಧನವನ್ನು ಕೊಡುತ್ತವೆ. ಇದು ವಿವೃತ ಆವರ್ತ ಸ್ಥಿತಿ, ಅಂದರೆ ಓಪನ್ ಲೂಪ್. ಎಂಜಿನ್ನಿನ ಮೇಲೆ ಹೆಚ್ಚಿನ ಒತ್ತಡ ಬೀಳುವ ಈ ಹೊತ್ತಿನಲ್ಲಿಯೇ ತಪ್ಪನ್ನು ತಿದ್ದುವ ಸಾಕ್ಷಿ ಇಲ್ಲದಿರುವುದು ಗಮನಾರ್ಹ.

ಪರಿವರ್ತಕದ ಅನಂತರ ಇರುವ ಎರಡನೆಯ ಸಂವೇದಕದ ಮುಖ್ಯ ಕೆಲಸ ಪರಿವರ್ತಕದ ಆರೋಗ್ಯವನ್ನು ಪರೀಕ್ಷಿಸುವುದು. ಪರಿವರ್ತಕವು ಆಮ್ಲಜನಕವನ್ನು ಹಿಡಿದಿಟ್ಟು ಬಿಡುಗಡೆ ಮಾಡುವುದರಿಂದ ಇದರ ಸಂಕೇತ ಬಹುತೇಕ ಸ್ಥಿರವಾಗಿರಬೇಕು. ಅದೂ ಮೊದಲನೆಯದರಂತೆ ಏರಿಳಿಯತೊಡಗಿದರೆ ಪರಿವರ್ತಕ ಸೋತಿದೆ ಎಂದರ್ಥ. ಆಗ ಪಿ0420 ಸಂಕೇತಾಂಕ ದಾಖಲಾಗುತ್ತದೆ.

ಸಂಕೇತದ ಮಿತಿಗಳು

ಆಮ್ಲಜನಕ ಸಂವೇದಕವು ಪೆಟ್ರೋಲನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಮಾತ್ರ ಅಳೆಯುತ್ತದೆ. ಈ ಸರಳ ಸಂಗತಿಯನ್ನು ಮರೆತಾಗ ರೋಗನಿರ್ಣಯ ದಾರಿ ತಪ್ಪುತ್ತದೆ.

ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತದಿದ್ದರೆ ಅಲ್ಲಿನ ಪೆಟ್ರೋಲೂ ಆಮ್ಲಜನಕವೂ ಉರಿಯದೆ ಹೊರಬರುತ್ತವೆ. ಸಂವೇದಕಕ್ಕೆ ಆಮ್ಲಜನಕ ಕಾಣುವುದರಿಂದ ಅದು ‘ತೆಳು’ ಎನ್ನುತ್ತದೆ. ಗಣಕವು ಈಗಾಗಲೇ ವ್ಯರ್ಥವಾಗುತ್ತಿರುವ ಪೆಟ್ರೋಲಿನ ಜೊತೆಗೆ ಇನ್ನಷ್ಟನ್ನು ಸುರಿಯುತ್ತದೆ. ಹಾಗೆಯೇ ಸಂವೇದಕಕ್ಕಿಂತ ಮುಂಚೆ ಹೊಗೆಕೊಳವೆಯಲ್ಲಿ ಬಿರುಕಿದ್ದು ಹೊರಗಾಳಿ ನುಸುಳಿದರೂ ತೆಳು ಮಿಶ್ರಣದ ಸುಳ್ಳು ಸಂಕೇತ ಬರುತ್ತದೆ. ಇಂಥ ಸಂದರ್ಭಗಳಲ್ಲಿ ಸಂವೇದಕವನ್ನು ಬದಲಾಯಿಸಿದರೆ ಹಣ ಖರ್ಚಾಗುತ್ತದೆಯೇ ಹೊರತು ದೋಷ ನಿವಾರಣೆಯಾಗುವುದಿಲ್ಲ.

ವೈಡ್‌ಬ್ಯಾಂಡ್ ಮಾಪಕಗಳಿಗೂ ಒಂದು ಮಿತಿಯಿದೆ. ಅವು ನಿಜವಾಗಿ ಅಳೆಯುವುದು ಲ್ಯಾಂಬ್ಡಾವನ್ನು. ಫಲಕದ ಮೇಲೆ ಕಾಣುವ ಅನುಪಾತವು ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ ತೋರಿಸಿದ ಸಂಖ್ಯೆ. ಟ್ಯಾಂಕಿನಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಇದ್ದು ಮಿಶ್ರಣ ಸಮತೋಲದಲ್ಲಿದ್ದರೆ ನಿಜವಾದ ಅನುಪಾತ 13.5 ಆಗಿದ್ದರೂ ಮಾಪಕ 14.7 ಎಂದೇ ತೋರಿಸುತ್ತದೆ. ಇದನ್ನರಿಯದೆ ಮಾಪಕದಲ್ಲಿ 13.5 ಕಾಣುವಂತೆ ಹೊಂದಿಸಿದರೆ ಮಿಶ್ರಣವು ಲ್ಯಾಂಬ್ಡಾ 0.92ಕ್ಕೆ ಇಳಿದು ಅನಗತ್ಯವಾಗಿ ದಟ್ಟವಾಗುತ್ತದೆ. ಆದುದರಿಂದ ಮಿಶ್ರ ಇಂಧನಗಳ ಕಾಲದಲ್ಲಿ ಅನುಪಾತದ ಬದಲು ಲ್ಯಾಂಬ್ಡಾವನ್ನೇ ಓದುವುದು ಸುರಕ್ಷಿತ.

ಹೊರಗಿನ ಇಂಧನ ಹೊಂದಾಣಿಕೆಯ ವಿಧಾನಗಳು

ಗಣಕದ ಮರುಲೇಖನ

ಇಸಿಯುವಿನ ಒಳಗಿರುವ ಕೋಷ್ಟಕಗಳನ್ನೇ ತಿದ್ದುವ ಈ ವಿಧಾನಕ್ಕೆ ರೀಮ್ಯಾಪಿಂಗ್ ಎಂದು ಹೆಸರು. ಇಂಧನ, ಕಿಡಿಯ ಸಮಯ, ಟರ್ಬೊ ಒತ್ತಡ ಮುಂತಾದವನ್ನು ಒಟ್ಟಾಗಿ ಬದಲಾಯಿಸಲು ಸಾಧ್ಯ. ಗಣಕದ ಗುರಿಯೇ ಬದಲಾಗುವುದರಿಂದ ಸಂವೇದಕಕ್ಕೂ ಗಣಕಕ್ಕೂ ಇದರಲ್ಲಿ ಸಂಘರ್ಷ ಕಡಿಮೆ.

ಪಿಗ್ಗಿಬ್ಯಾಕ್ ನಿಯಂತ್ರಕ

ಇದು ಮೂಲ ಗಣಕ ಮತ್ತು ಇಂಜೆಕ್ಟರುಗಳ ನಡುವೆ ಜೋಡಿಸುವ ಹೆಚ್ಚುವರಿ ಗಣಕ. ಬೆಂಗಳೂರಿನ ರೇಸ್ ಡೈನಮಿಕ್ಸ್ ಸಂಸ್ಥೆಯ ‘ಪವರ್‌ಟ್ರಾನಿಕ್’ ಭಾರತದಲ್ಲಿ ಈ ಬಗೆಯ ಪರಿಚಿತ ಹೆಸರು. ಮೂಲ ಗಣಕವು ಹೊರಡಿಸಿದ ಆಜ್ಞೆಯನ್ನು ದಾರಿಯಲ್ಲಿ ತಿದ್ದಿ ಇಂಜೆಕ್ಟರಿಗೆ ತಲುಪಿಸುವುದು ಇದರ ಕ್ರಮ.

ಈ ವಿಧಾನವನ್ನು ಎಚ್ಚರವಿಲ್ಲದೆ ಬಳಸಿದರೆ ಹೊಂದಾಣಿಕೆ ತಾನಾಗಿಯೇ ಅಳಿಸಿಹೋಗುತ್ತದೆ. ಕ್ಲೋಸ್ಡ್ ಲೂಪ್ ವ್ಯಾಪ್ತಿಯಲ್ಲಿ ಹೊರಗಿನ ಸಾಧನವು ಇಂಧನವನ್ನು ಶೇ. 6ರಷ್ಟು ಹೆಚ್ಚಿಸಿತು ಎಂದುಕೊಳ್ಳೋಣ. ಸಂವೇದಕ ‘ದಟ್ಟ’ ಎಂದು ವರದಿ ಮಾಡುತ್ತದೆ. ಮೂಲ ಗಣಕ ಅಷ್ಟೇ ಪ್ರಮಾಣವನ್ನು ಕಡಿತ ಮಾಡುತ್ತದೆ, ಕೆಲವು ದಿನಗಳಲ್ಲಿ ಆ ಕಡಿತವನ್ನು ದೀರ್ಘಾವಧಿ ತಿದ್ದುಪಡಿಯಾಗಿ ಕಲಿತುಕೊಳ್ಳುತ್ತದೆ. ಚಾಲಕನಿಗೆ ಮೊದಲ ದಿನ ಕಂಡ ಚುರುಕು ಕ್ರಮೇಣ ಮಾಯವಾಗುತ್ತದೆ. ಕಲಿತ ಕಡಿತವನ್ನು ಕೆಲವು ಗಣಕಗಳು ಪೂರ್ಣ ಆ್ಯಕ್ಸಿಲರೇಟರ್ ಸ್ಥಿತಿಗೂ ಅನ್ವಯಿಸುತ್ತವೆ. ಹೊರಗಿನ ಸಾಧನವು ಆ ಸ್ಥಿತಿಯಲ್ಲಿ ಇಂಧನವನ್ನು ಹೆಚ್ಚಿಸದಿದ್ದರೆ, ದಟ್ಟ ಮಿಶ್ರಣ ಅತ್ಯಗತ್ಯವಿರುವ ಹೊತ್ತಿನಲ್ಲಿಯೇ ಎಂಜಿನ್ನಿಗೆ ಇಂಧನ ಕಡಿಮೆಯಾಗುತ್ತದೆ. ಈ ಕಾರಣಕ್ಕಾಗಿ ಅನುಭವಿ ಟ್ಯೂನರುಗಳು ಕ್ಲೋಸ್ಡ್ ಲೂಪ್ ವ್ಯಾಪ್ತಿಯನ್ನು ಮುಟ್ಟದೆ ಓಪನ್ ಲೂಪ್ ವ್ಯಾಪ್ತಿಯನ್ನು ಮಾತ್ರ ವೈಡ್‌ಬ್ಯಾಂಡ್ ಅಳತೆಯ ನೆರವಿನಿಂದ ತಿದ್ದುತ್ತಾರೆ.

ಸಂವೇದಕದ ಸಂಕೇತವನ್ನೇ ಬದಲಾಯಿಸುವುದು

ಸಂವೇದಕದಿಂದ ಗಣಕಕ್ಕೆ ಹೋಗುವ ತಂತಿಯಲ್ಲಿ ಒಂದು ಸಾಧನವನ್ನು ಸೇರಿಸಿ ಸಂಕೇತವನ್ನು ಮಾರ್ಪಡಿಸುವುದು ಅಗ್ಗದ ವಿಧಾನ. ಮೈಲೇಜು ಹೆಚ್ಚಿಸುವುದಾಗಿ ಮಾರಲಾಗುವ ಕೆಲವು ಪೆಟ್ಟಿಗೆಗಳು ಸಂಕೇತಕ್ಕೆ ತುಸು ವೋಲ್ಟೇಜನ್ನು ಕೂಡಿಸುತ್ತವೆ. ನೀರಿನಿಂದ ಜಲಜನಕವನ್ನು ತಯಾರಿಸುತ್ತದೆ ಎನ್ನಲಾಗುವ ಕಿಟ್ಟುಗಳ ಜೊತೆಗೂ ಇಂತಹ ಸಾಧನವನ್ನು ಕೊಡುವುದುಂಟು. ಗಣಕವು ಮಿಶ್ರಣ ದಟ್ಟವಾಗಿದೆಯೆಂದು ನಂಬಿ ಇಂಧನವನ್ನು ತಗ್ಗಿಸುತ್ತದೆ. ಕೆಲವೊಮ್ಮೆ ಮೈಲೇಜು ಸ್ವಲ್ಪ ಏರಬಹುದು. ಆದರೆ ತೆಳು ಮಿಶ್ರಣದಲ್ಲಿ ಹೊಗೆಯೊಳಗೆ ಆಮ್ಲಜನಕ ಉಳಿಯುವುದರಿಂದ ಪರಿವರ್ತಕವು ಸಾರಜನಕದ ಆಕ್ಸೈಡುಗಳನ್ನು ವಿಭಜಿಸಲಾರದು. ಮಿಶ್ರಣ ಇನ್ನೂ ತೆಳುವಾದರೆ ಎಂಜಿನ್ ತಡವರಿಸುತ್ತದೆ, ಉರಿಯದ ಪೆಟ್ರೋಲ್ ಪರಿವರ್ತಕವನ್ನು ತಲುಪಿ ಅಲ್ಲಿ ಉರಿದು ಅದರ ಜಾಲರಿಯನ್ನು ಕರಗಿಸಬಹುದು. ಉಳಿಸಿದ ಪೆಟ್ರೋಲಿನ ಬೆಲೆಗಿಂತ ಪರಿವರ್ತಕದ ಬೆಲೆ ಬಹುಪಾಲು ಹೆಚ್ಚು.

ಇದೇ ಉಪಾಯಕ್ಕೆ ನ್ಯಾಯವಾದ ಬಳಕೆಯೂ ಉಂಟು. ಎಲ್‌ಪಿಜಿ ಅಥವಾ ಸಿಎನ್‌ಜಿ ಅಳವಡಿಸಿದ ಹಳೆಯ ಬಗೆಯ ಕಾರುಗಳಲ್ಲಿ, ಅನಿಲದಲ್ಲಿ ಓಡುವಾಗ ಪೆಟ್ರೋಲಿನ ಲೆಕ್ಕ ಕೆಡದಿರಲೆಂದು ಎಮ್ಯುಲೇಟರ್ ಎಂಬ ಸಾಧನವು ಮೂಲ ಗಣಕಕ್ಕೆ ಕೃತಕ ಸಂಕೇತವನ್ನು ಕಳುಹಿಸುತ್ತದೆ. ಆ ವೇಳೆಯಲ್ಲಿ ನಿಜವಾದ ಸಂಕೇತವನ್ನು ಅನಿಲದ ಗಣಕವು ಓದುತ್ತಿರುತ್ತದೆ. ಇಲ್ಲಿ ಸತ್ಯ ಸಂಕೇತವನ್ನು ಯಾರೋ ಒಬ್ಬರು ಕೇಳುತ್ತಿರುತ್ತಾರೆ. ಮೈಲೇಜು ಪೆಟ್ಟಿಗೆಗಳಲ್ಲಿ ಯಾರೂ ಕೇಳುವುದಿಲ್ಲ.

ಪರಿವರ್ತಕವನ್ನು ಕಿತ್ತುಹಾಕಿದ ವಾಹನಗಳಲ್ಲಿ ಎರಡನೆಯ ಸಂವೇದಕವನ್ನು ಕೊಳವೆಯಿಂದ ದೂರ ಸರಿಸುವ ಲೋಹದ ತುಂಡನ್ನು ಸೇರಿಸಿ ಎಚ್ಚರಿಕೆಯ ದೀಪ ಹೊತ್ತದಂತೆ ಮಾಡುವ ಪರಿಪಾಠವೂ ಇದೆ. ಇದರಿಂದ ದೀಪ ಆರುತ್ತದೆ, ಮಾಲಿನ್ಯ ಉಳಿಯುತ್ತದೆ.

ಎಥನಾಲ್ ಮಿಶ್ರಿತ ಪೆಟ್ರೋಲ್ ಮತ್ತು ಕರ್ನಾಟಕ

ಶೇ. 20 ಎಥನಾಲ್ ಬೆರೆತ ಪೆಟ್ರೋಲ್, ಅಂದರೆ ಇ20, ಭಾರತದಲ್ಲಿ ಬಿಡುಗಡೆಯಾದದ್ದು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ. ಕಬ್ಬು ಬೆಳೆಯುವ ಪ್ರಮುಖ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಎಥನಾಲ್ ತಯಾರಿಕೆಗೆ ಕಬ್ಬಿನ ಜೊತೆಗೆ ಮೆಕ್ಕೆಜೋಳವೂ ಬಳಕೆಯಾಗುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳು ಮತ್ತು ಮೇಡ್ಲೇರಿಯಂತಹ ಗ್ರಾಮಗಳ ಸುತ್ತಲಿನ ಪ್ರದೇಶ ಮೆಕ್ಕೆಜೋಳದ ಸೀಮೆ. ಹೀಗಾಗಿ ಈ ಭಾಗದ ಜನರಿಗೆ ಎಥನಾಲ್ ಬೆಳೆಯ ಬೆಲೆಯ ಪ್ರಶ್ನೆಯೂ ಹೌದು, ಬೈಕಿನ ಟ್ಯಾಂಕಿನ ಪ್ರಶ್ನೆಯೂ ಹೌದು.

ಎಥನಾಲಿನ ತೂಕದಲ್ಲಿ ಸುಮಾರು ಶೇ. 35ರಷ್ಟು ಆಮ್ಲಜನಕವೇ ಇದೆ. ಆದುದರಿಂದ ಅದು ಉರಿಯಲು ಬೇಕಾದ ಗಾಳಿ ಕಡಿಮೆ; ಬೇರೆ ಮಾತಿನಲ್ಲಿ, ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಶುದ್ಧ ಪೆಟ್ರೋಲಿಗೆ ಹೊಂದಿಸಿದ ವಾಹನಕ್ಕೆ ಇ20 ತುಂಬಿದಾಗ ಇಂಧನವನ್ನು ಸುಮಾರು ಶೇ. 8ರಷ್ಟು, ಇ10ಕ್ಕೆ ಹೊಂದಿಸಿದ ವಾಹನಕ್ಕೆ ಸುಮಾರು ಶೇ. 4ರಷ್ಟು ಹೆಚ್ಚಿಸಬೇಕಾಗುತ್ತದೆ. ಸಂವೇದಕ ಸರಿಯಿರುವ ಕಾರಿನಲ್ಲಿ ಇದು ಸಾಮಾನ್ಯ ತಿದ್ದುಪಡಿಯ ಮಿತಿಯೊಳಗೇ ಇದೆ. ಕೆಲವೇ ಕಿಲೋಮೀಟರುಗಳ ಓಟದಲ್ಲಿ ಗಣಕ ಹೊಸ ಇಂಧನವನ್ನು ಕಲಿತು ಲ್ಯಾಂಬ್ಡಾ 1ಕ್ಕೆ ಮರಳುತ್ತದೆ.

ಈಗಾಗಲೇ ಬೇರೆ ದೋಷಗಳಿಂದ ತಿದ್ದುಪಡಿ ಶೇ. +15ರಷ್ಟಿರುವ ವಾಹನದ ಸ್ಥಿತಿ ಬೇರೆ. ಗಾಳಿ ನುಸುಳುವ ರಬ್ಬರ್ ಕೊಳವೆ, ಕಟ್ಟಿಕೊಂಡ ಇಂಜೆಕ್ಟರ್ ಅಥವಾ ಸೋತ ಇಂಧನ ಪಂಪ್ ಅದಕ್ಕೆ ಕಾರಣವಾಗಿರಬಹುದು. ಅದರ ಮೇಲೆ ಇ20ಯ ಶೇ. 8 ಸೇರಿದಾಗ ತಿದ್ದುಪಡಿ ಗಡಿಯನ್ನು ಮುಟ್ಟಿ ದೀಪ ಹೊತ್ತಿಕೊಳ್ಳುತ್ತದೆ. ಆಗ ದೂರು ಇಂಧನದ ಮೇಲೆ ಬರುತ್ತದೆ. ಮೂಲ ದೋಷ ಅಡಗಿಯೇ ಇರುತ್ತದೆ. ಸಂವೇದಕವೇ ಇಲ್ಲದ ಕಾರ್ಬ್ಯುರೇಟರ್ ವಾಹನಗಳಲ್ಲಿ ಈ ತಿದ್ದುಪಡಿ ಆಗುವುದೇ ಇಲ್ಲ. ಭಾರತ್ ಸ್ಟೇಜ್ 4ರ ಕಾಲದವರೆಗಿನ ಬಹುಪಾಲು ಸಣ್ಣ ದ್ವಿಚಕ್ರ ವಾಹನಗಳು ಈ ಗುಂಪಿಗೆ ಸೇರುತ್ತವೆ. ಅವುಗಳಲ್ಲಿ ಮಿಶ್ರಣವು ಅಷ್ಟರಮಟ್ಟಿಗೆ ತೆಳುವಾಗಿಯೇ ಉಳಿಯುತ್ತದೆ.

ಮಿಶ್ರಣ ಸರಿಹೋದ ಮಾತ್ರಕ್ಕೆ ಮೈಲೇಜು ಮೊದಲಿನಂತಾಗುವುದಿಲ್ಲ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಎಥನಾಲ್ ಮಾರ್ಗಸೂಚಿಯು, ಶುದ್ಧ ಪೆಟ್ರೋಲಿಗಾಗಿ ವಿನ್ಯಾಸಗೊಳಿಸಿ ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇಂಧನ ದಕ್ಷತೆ ಶೇ. 6ರಿಂದ 7ರಷ್ಟು, ಅಂಥದೇ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4ರಷ್ಟು, ಇ10ಕ್ಕಾಗಿ ವಿನ್ಯಾಸಗೊಳಿಸಿ ಇ20ಗೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 1ರಿಂದ 2ರಷ್ಟು ಇಳಿಯಬಹುದೆಂದು ಅಂದಾಜು ಮಾಡಿತ್ತು. ಎಥನಾಲ್ ರಹಿತ ಪೆಟ್ರೋಲಿನ ಆಯ್ಕೆಯನ್ನೂ ಕೊಡಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು.

ಈ ನಷ್ಟವನ್ನು ತುಂಬಿಕೊಡುವುದಾಗಿ ಹೇಳುವ ಸಾಧನಗಳನ್ನು ಮೇಲಿನ ವಿವರಣೆಯ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಇಂಧನದಲ್ಲಿಯೇ ಇಲ್ಲದ ಶಕ್ತಿಯನ್ನು ಸಂಕೇತದ ಬದಲಾವಣೆಯಿಂದ ಪಡೆಯಲಾಗದು. ಎಥನಾಲಿನ ಆಕ್ಟೇನ್ ಗುಣ ಹೆಚ್ಚಿರುವುದರಿಂದ ಕಿಡಿಯ ಸಮಯವನ್ನು ಮುಂದಕ್ಕೆ ತಂದು ಅಥವಾ ಸಂಪೀಡನ ಅನುಪಾತವನ್ನು ಹೆಚ್ಚಿಸಿ ನಷ್ಟದ ಒಂದು ಭಾಗವನ್ನು ಹಿಂಪಡೆಯುವುದು ಸಾಧ್ಯ. ಆದರೆ ಅದು ಎಂಜಿನ್ ವಿನ್ಯಾಸದ ಮತ್ತು ಸಮಗ್ರ ಮರುಹೊಂದಾಣಿಕೆಯ ಕೆಲಸ.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಪ್ರಕರಣದ ಪ್ರಕಾರ ನೋಂದಣಿ ಪತ್ರದಲ್ಲಿ ನಮೂದಾದ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ತೀರ್ಪೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮೋದಿತ ಎಲ್‌ಪಿಜಿ ಮತ್ತು ಸಿಎನ್‌ಜಿ ಕಿಟ್ಟುಗಳಿಗೆ ಕಾಯ್ದೆಯಲ್ಲಿಯೇ ಅವಕಾಶವಿದೆ. ಅನುಮತಿಯಿಲ್ಲದ ಬದಲಾವಣೆಗೆ 182ಎ ಪ್ರಕರಣದಡಿ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಹೊಗೆ ತಪಾಸಣೆಯ ನಿಯಮದಲ್ಲಿ ಲ್ಯಾಂಬ್ಡಾಗೆ ನೇರ ಸ್ಥಾನವಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಂತೆ ಭಾರತ್ ಸ್ಟೇಜ್ 4 ಮತ್ತು ಅನಂತರದ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2,500 ಸುತ್ತು ತಿರುಗುವಾಗ ಕಾರ್ಬನ್ ಮಾನಾಕ್ಸೈಡ್ ಶೇ. 0.2ನ್ನು ಮೀರಬಾರದು, ಲ್ಯಾಂಬ್ಡಾ 0.97ರಿಂದ 1.03ರ ಒಳಗಿರಬೇಕು. ಸಂಕೇತವನ್ನು ತಿರುಚಿದ ವಾಹನ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಏಕೆಂದರೆ ತಪಾಸಣಾ ಯಂತ್ರವು ಗಣಕದ ಮಾತನ್ನು ಕೇಳದೆ ಹೊಗೆಯನ್ನೇ ಅಳೆಯುತ್ತದೆ.

ನಿರ್ವಹಣೆ

ಸಂವೇದಕವು ಸವೆಯುವ ಭಾಗವಾಗಿದ್ದು, ಹಳೆಯದಾದಂತೆ ಅದರ ಪ್ರತಿಕ್ರಿಯೆ ನಿಧಾನವಾಗುತ್ತದೆ. ಅದನ್ನು ಬೇಗ ಕೆಡಿಸುವ ಮುಖ್ಯ ಕಾರಣಗಳು ಇವು:

ಉರಿಯುವ ಎಂಜಿನ್ ಆಯಿಲ್ ಮತ್ತು ಸೋರುವ ಕೂಲೆಂಟ್. ಇವುಗಳಲ್ಲಿನ ರಾಸಾಯನಿಕಗಳು ಪಿಂಗಾಣಿಯ ಮೇಲೆ ಪದರವಾಗಿ ಕೂರುತ್ತವೆ.
ದುರಸ್ತಿಯ ವೇಳೆ ಬಳಸುವ ಸಿಲಿಕೋನ್ ಅಂಟು. ಸಂವೇದಕಕ್ಕೆ ಸುರಕ್ಷಿತವೆಂದು ನಮೂದಿಸಿದ ಅಂಟನ್ನೇ ಬಳಸಬೇಕು.
ಸೀಮೆಎಣ್ಣೆ ಮೊದಲಾದ ಕಲಬೆರಕೆಯುಳ್ಳ ಪೆಟ್ರೋಲ್.
ಊರಿನಿಂದ ಹತ್ತಿರದ ಪೇಟೆಗೆ ಮಾತ್ರ ಓಡುವಂತಹ ಕಿರು ಪ್ರಯಾಣಗಳು. ಎಂಜಿನ್ ಪೂರ್ಣ ಬಿಸಿಯಾಗದೆ ದಟ್ಟ ಮಿಶ್ರಣದಲ್ಲಿಯೇ ಓಡುವುದರಿಂದ ಮಸಿ ಕೂಡುತ್ತದೆ. ಆಗಾಗ ಹೆದ್ದಾರಿಯಲ್ಲಿ ದೀರ್ಘ ಓಟ ನಡೆಸಿದರೆ ಈ ಮಸಿ ಉರಿದುಹೋಗುತ್ತದೆ.

ಎಚ್ಚರಿಕೆಯ ದೀಪ ಹೊತ್ತಿದಾಗ ಸಂವೇದಕವನ್ನು ಬದಲಾಯಿಸುವ ಮುನ್ನ ಗಣಕದ ಅಲ್ಪಾವಧಿ ಮತ್ತು ದೀರ್ಘಾವಧಿ ತಿದ್ದುಪಡಿಗಳನ್ನು ಓದುವುದು ಉತ್ತಮ ಕ್ರಮ. ವಾಹನ ನಿಂತಲ್ಲಿ ತಿದ್ದುಪಡಿ ಹೆಚ್ಚಿದ್ದು ವೇಗದಲ್ಲಿ ಕಡಿಮೆಯಾದರೆ ಗಾಳಿಯ ಸೋರಿಕೆಯನ್ನು, ವೇಗ ಹೆಚ್ಚಿದಂತೆ ತಿದ್ದುಪಡಿಯೂ ಹೆಚ್ಚಿದರೆ ಇಂಧನ ಪೂರೈಕೆಯ ಕೊರತೆಯನ್ನು ಶಂಕಿಸಬೇಕು. ಇಂಧನ ಹೊಂದಾಣಿಕೆ ಮಾಡಿಸುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಮೂಲ ದೋಷಗಳನ್ನು ಸರಿಪಡಿಸಿ, ತಿದ್ದುಪಡಿಗಳು ಸೊನ್ನೆಯ ಸಮೀಪವಿರುವುದನ್ನು ಖಚಿತಪಡಿಸಿಕೊಂಡ ಮೇಲೆ ಮಾತ್ರ ಹೊಂದಾಣಿಕೆ ಆರಂಭಿಸಬೇಕು.

ಇವನ್ನೂ ನೋಡಿ

ವೇಗವರ್ಧಕ ಪರಿವರ್ತಕ
ಕಾರ್ಬ್ಯುರೇಟರ್
ಎಥನಾಲ್
ಭಾರತ್ ಸ್ಟೇಜ್ ಮಾಲಿನ್ಯ ನಿಯಮಗಳು
ವಾಯು ಮಾಲಿನ್ಯ